ಕೇಳಿ, ಹೇಳ್ತೀನಿ: ಬಿ.ಕಾಂ. ಓದಿ ಚಿಕನ್‌ ಗಾಡಿ

ಪ್ರಶ್ನೆ: ನ್ಯೂಯಾರ್ಕ್‌ ಬೀದಿಗಳಲ್ಲಿ ಗಾಡಿ ಇಟ್ಟು ಚಿಕನ್‌ ರೈಸ್‌ ಮಾರುವವರಲ್ಲಿ ಈಜಿಪ್ಟಿನವರು ತುಂಬಾ ಜನ ಇದ್ದಾರಂತೆ. ಅಡುಗೆ ಅವರ ಕುಲಕಸುಬಾ?

ಉತ್ತರ: ಕುಲಕಸುಬಲ್ಲ, ಕೈಗೆ ಸಿಕ್ಕಿದ ಕಸುಬು. ನಾನು ಮೂರು ವರ್ಷ ನ್ಯೂಯಾರ್ಕ್‌ನ ಕ್ವೀನ್ಸ್‌ ಭಾಗದ ಅಸ್ಟೋರಿಯಾದಲ್ಲಿದ್ದೆ. ಅಲ್ಲಿ ಸ್ಟೈನ್‌ವೇ ರಸ್ತೆಯ ಒಂದು ತುಂಡಿಗೆ 'ಲಿಟಲ್‌ ಈಜಿಪ್ಟ್‌' ಅಂತಲೇ ಹೆಸರು. ನಮ್ಮ ಮೇಲಿನ ಮನೆಯವರು ಈಜಿಪ್ಟಿನ ಟಾಂಟಾ ಪಟ್ಟಣದವರು, ಬಿ.ಕಾಂ. ಓದಿದವರು. ಅಮೆರಿಕದಲ್ಲಿ ನೆಲೆಸಲು ಚೀಟಿ ಎತ್ತಿ ಕೊಡುವ ವೀಸಾ ಲಾಟರಿಯಲ್ಲಿ ಹೆಸರು ಬಂತು, ಹೊರಟು ಬಂದರು. ಲೆಕ್ಕ ಬರೆಯುವ ಕೆಲಸಕ್ಕೆ ಅಲೆದದ್ದೇ ಬಂತು, ಅವರ ಡಿಗ್ರಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಗಾಡಿಗೆ ಡಿಗ್ರಿ ಕೇಳುವವರಿಲ್ಲ. ಅಣ್ಣನ ಸ್ನೇಹಿತನದೊಂದು ಗಾಡಿ ಇತ್ತು, ಅಲ್ಲೇ ನಿಂತರು. ಮುಂದೆ ಇವರ ಬೆನ್ನಿಗೆ ತಮ್ಮನೂ ಬಂದ.

ಗಾಡಿ ಅಂದರೆ ಸುಮ್ನೆ ಅಲ್ಲ. ಮಾರುವವನಿಗೆ ಲೈಸೆನ್ಸ್‌ ಬೇಕು, ಅದು ಸಿಗುತ್ತದೆ. ಗಾಡಿಗೆ ಬೇರೆ ಪರ್ಮಿಟ್‌ ಬೇಕು, ಕಗ್ಗಂಟು ಇರುವುದು ಅಲ್ಲಿ. 1983ರಲ್ಲೇ ನಗರಾಡಳಿತದವರು ಪರ್ಮಿಟ್‌ಗಳನ್ನು ಸುಮಾರು 3,000ಕ್ಕೆ ನಿಲ್ಲಿಸಿಬಿಟ್ಟರು. ಹಾಗಾಗಿ ಹಳಬರು ಕೆಲವು ನೂರು ಡಾಲರ್‌ ಫೀಸಿನ ಪರ್ಮಿಟ್ಟನ್ನು ಒಳಗೊಳಗೇ ಬಾಡಿಗೆಗೆ ಬಿಡತೊಡಗಿದರು. ಎರಡು ವರ್ಷಕ್ಕೆ 20,000 ಡಾಲರ್‌ ದಾಟಿದ್ದೂ ಉಂಟು! ಬಿಸಿಲಲ್ಲಿ ಬೇಯುವವನು ಒಬ್ಬ, ಕೂತು ಎಣಿಸುವವನು ಇನ್ನೊಬ್ಬ. 2021ರ ಕಾನೂನು ವರ್ಷಕ್ಕೆ 445ರಂತೆ ಹತ್ತು ವರ್ಷ, ಗಾಡಿ ಪರ್ಮಿಟ್ಟನ್ನೂ ಪಡೆಯಬಹುದಾದ ಹೊಸ ಬಗೆಯ ಲೈಸೆನ್ಸ್‌ ಕೊಡಲು ದಾರಿ ಮಾಡಿತು. ಆ ಲೈಸೆನ್ಸ್‌ ಪಡೆದವರು ಗಾಡಿಯ ಹತ್ತಿರವೇ ಇರಬೇಕು. ಈ ಷರತ್ತು ನನಗೆ ಇಷ್ಟವಾಯಿತು.

ನಮ್ಮ ಮೇಲಿನ ಮನೆಯವರು ರಾತ್ರಿ ಗಾಡಿಯನ್ನು ಗ್ಯಾರೇಜಿಗೆ ಸೇರಿಸಿ, ತೊಳೆಯಲು ಬಿಟ್ಟು, ಹನ್ನೊಂದರ ಮೇಲೆ ಮನೆಗೆ ಬರುತ್ತಿದ್ದರು. ಮೆಟ್ಟಿಲಲ್ಲಿ ಜೀರಿಗೆ, ಎಣ್ಣೆ ಹೊಗೆಯ ವಾಸನೆ ಬಂದರೆ ಅವರು ಬಂದರು ಅಂತ ನಮಗೆ ಲೆಕ್ಕ. ಚಿಕನ್‌ ಮೇಲೆ ಸುರಿಯುವ ಆ ಬಿಳಿ ಸಾಸ್‌ ಬಗ್ಗೆ ಒಮ್ಮೆ ಕೇಳಿದೆ. "ಇಲ್ಲಿಗೆ ಬಂದ ಮೇಲೇ ನಾನೂ ಅದನ್ನು ನೋಡಿದ್ದು" ಅಂದರು. ಅವರ ಸ್ವಂತ ಊಟ ಫೂಲ್‌. ದಪ್ಪ ಬೀನ್ಸ್‌ ಕಾಳನ್ನು ಮೆತ್ತಗೆ ಬೇಯಿಸಿ, ನಿಂಬೆ ಹಿಂಡಿ, ರೊಟ್ಟಿಯಲ್ಲಿ ಬಳಿದು ತಿನ್ನುವುದು.

ಪ್ರಶ್ನೆ: ಅಮೆರಿಕಕ್ಕೆ ಹೋದ ಈಜಿಪ್ಟಿನವರೆಲ್ಲ ಮುಸ್ಲಿಮರೇ ಅಲ್ವಾ?

ಉತ್ತರ: ಅಲ್ಲ. ಕಾಪ್ಟಿಕ್‌ ಕ್ರೈಸ್ತರೂ, ಅಂದರೆ ಈಜಿಪ್ಟಿನ ಪುರಾತನ ಚರ್ಚಿನವರೂ, ಬಹಳ ಮಂದಿ. ಹಡ್ಸನ್‌ ನದಿಯಾಚೆ ಜರ್ಸಿ ಸಿಟಿಗೆ ಹೋಗಿ ನೋಡಿ. ಅವರ ಕ್ರಿಸ್ಮಸ್‌ ಜನವರಿ 7ಕ್ಕೆ. ಅಷ್ಟು ಹೊತ್ತಿಗೆ ಪಕ್ಕದ ಮನೆಯವರು ಕ್ರಿಸ್ಮಸ್‌ ಮರವನ್ನು ಕಸಕ್ಕೆ ಹಾಕಿ ಆಗಿರುತ್ತದೆ.