ಪ್ರಶಸ್ತಿ ಬಂದ ಚಿತ್ರಗಳೆಲ್ಲ ನನಗೆ ಬೇಸರ ತರಿಸುತ್ತವೆ, ನನಗೆ ಅಭಿರುಚಿಯೇ ಇಲ್ಲವೇ?

ಆ ಚಿತ್ರಗಳನ್ನು ಮೊಬೈಲಿನಲ್ಲಿ, ಒಂದೂವರೆ ಪಟ್ಟು ವೇಗದಲ್ಲಿ ನೋಡಿದೆ ಎಂದು ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ‘ದ ಝೋನ್ ಆಫ್ ಇಂಟರೆಸ್ಟ್’ ಚಿತ್ರವನ್ನು ನಾನು ಕಳೆದುಕೊಂಡದ್ದೂ ಹಾಗೆಯೇ.

ಜೊನಾಥನ್ ಗ್ಲೇಜರ್ ನಿರ್ದೇಶನದ 2023ರ ಚಿತ್ರವದು. ಎರಡನೇ ಮಹಾಯುದ್ಧದಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆ ನಡೆದ ಆಶ್ವಿಟ್ಸ್ ಶಿಬಿರದ ಗೋಡೆಗೆ ಹೊಂದಿಕೊಂಡೇ ಅದರ ನಾಜಿ ಮುಖ್ಯಾಧಿಕಾರಿಯ ಮನೆ. ಹೆಂಡತಿಗೆ ಹೂದೋಟದ ಹುಚ್ಚು, ಮಕ್ಕಳಿಗೆ ಅಂಗಳದಲ್ಲೇ ಈಜುಕೊಳ. ಗೋಡೆಯಾಚೆಯ ಕೊಲೆಗಳನ್ನು ಕ್ಯಾಮೆರಾ ಒಮ್ಮೆಯೂ ತೋರಿಸುವುದಿಲ್ಲ. ಎಲ್ಲವೂ ಕೇಳಿಸುತ್ತದೆ: ಗುಂಡಿನ ಸದ್ದು, ನಾಯಿಗಳ ಬೊಗಳು, ಯಾರದೋ ಚೀತ್ಕಾರ, ಇವೆಲ್ಲದರ ಅಡಿಯಲ್ಲಿ ಎಡೆಬಿಡದ ಒಂದು ಮೊರೆತ. ಮನೆಯವರೆಲ್ಲ ಮಲಗಿದ ಮೇಲೆ ನಾನು ಅದನ್ನು ಮೊಬೈಲಿನ ಸ್ಪೀಕರಿನಲ್ಲಿ, ಅದೂ ಧ್ವನಿ ತಗ್ಗಿಸಿ ನೋಡಿದೆ. ಅಷ್ಟು ಪುಟ್ಟ ಸ್ಪೀಕರಿನಿಂದ ಆ ಮೊರೆತ ಹೊರಡುವುದೇ ಇಲ್ಲ. ಆರಂಭದಲ್ಲಿ ತೆರೆ ಬಹಳ ಹೊತ್ತು ಕಪ್ಪಾಗಿಯೇ ಇರುತ್ತದೆ, ಸಂಗೀತ ಮಾತ್ರ ಬರುತ್ತದೆ. ಏನೋ ತಾಂತ್ರಿಕ ದೋಷವೆಂದುಕೊಂಡು ಅದನ್ನು ಬೆರಳಿನಿಂದ ಮುಂದಕ್ಕೆ ತಳ್ಳಿಬಿಟ್ಟೆ. ಇನ್ನು ಮುಂದೆ ಕಿವಿಗೊಟ್ಟು ಕೂರಬೇಕು ಎಂದು ಚಿತ್ರ ನಮ್ಮನ್ನು ಸಜ್ಜುಗೊಳಿಸುವುದೇ ಆ ಕತ್ತಲಿನಲ್ಲಿ! ಅದನ್ನು ಹಾರಿಸಿ, ಸದ್ದನ್ನು ಅಡಗಿಸಿ, ವೇಗವನ್ನೂ ಹೆಚ್ಚಿಸಿದ ಮೇಲೆ ನನಗೆ ಉಳಿದದ್ದು ಗಿಡಗಳ ನಡುವೆ ಓಡಾಡುವ ಒಬ್ಬ ಹೆಂಗಸು, ಅಷ್ಟೇ.

‘ಅದರಲ್ಲಿ ಏನೂ ನಡೆಯುವುದಿಲ್ಲ’ ಎಂದು ಕಂಡಕಂಡವರಿಗೆಲ್ಲ ಹೇಳಿದೆ. ನನ್ನ ಮಾತು ನಂಬಿ ತಂಗಿ ಚಿತ್ರಮಂದಿರಕ್ಕೆ ಹೋಗುವುದನ್ನೇ ಕೈಬಿಟ್ಟಳು. 2024ರಲ್ಲಿ ಅದೇ ಚಿತ್ರಕ್ಕೆ ಧ್ವನಿ ವಿಭಾಗದ ಆಸ್ಕರ್ ಬಂದಾಗ ಹೆಡ್‌ಫೋನ್ ಹಾಕಿಕೊಂಡು ಮತ್ತೆ ನೋಡಿದೆ. ಹೂಗಳನ್ನು ಒಂದೊಂದಾಗಿ ತೀರಾ ಹತ್ತಿರದಿಂದ ತೋರಿಸುತ್ತ, ಹಿನ್ನೆಲೆಯಲ್ಲಿ ಕೂಗು ಕೇಳಿಸುತ್ತ, ಕೊನೆಗೆ ಇಡೀ ತೆರೆಯೇ ಕೆಂಪಾಗುವ ಕಡೆ ಮೈ ನಡುಗಿತು. ಆದರೂ ಮುಂದೇನೆಂದು ಗೊತ್ತಿದ್ದೇ ನೋಡಿದ್ದು ಅದು. ಏನೂ ತಿಳಿಯದೆ ಮೊದಲ ಸಲ ನೋಡುವ ಅವಕಾಶ ನನ್ನ ಕೈಯಾರೆ ಹಾಳಾಗಿತ್ತು.

ಹಾಗಾಗಿ ಅಭಿರುಚಿಯ ಪ್ರಶ್ನೆ ಇಲ್ಲಿ ಹುಟ್ಟುವುದೇ ಇಲ್ಲ. ಆ ಚಿತ್ರಗಳನ್ನು ನೀವಿನ್ನೂ ನೋಡಿಲ್ಲ. ನೀವು ಅರ್ಧಕ್ಕೇ ಬಿಟ್ಟ, ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ನನ್ನ ಪಾಲಿಗೆ ಈಚಿನ ವರ್ಷಗಳ ಅತ್ಯುತ್ತಮ ಭಾರತೀಯ ಚಿತ್ರ. ನರ್ಸ್ ಪ್ರಭಾಳ ಗಂಡ ಜರ್ಮನಿಯಲ್ಲಿದ್ದಾನೆ, ಅವನ ಕರೆ ಬಂದು ಎಷ್ಟೋ ಕಾಲವಾಗಿದೆ. ಒಂದು ದಿನ ಕಳುಹಿಸಿದವರ ಹೆಸರೇ ಇಲ್ಲದ ಪಾರ್ಸೆಲಿನಲ್ಲಿ ಜರ್ಮನಿಯ, ಅನ್ನ ಮಾಡುವ ಕೆಂಪು ಕುಕ್ಕರ್ ಬರುತ್ತದೆ. ರಾತ್ರಿ ಅವಳು ನೆಲದ ಮೇಲೆ ಕುಳಿತು ಅದನ್ನು ಮಾತಿಲ್ಲದೆ ತಬ್ಬಿಕೊಳ್ಳುತ್ತಾಳೆ. ಒಂದೂವರೆ ಪಟ್ಟು ವೇಗದಲ್ಲಿ ಅದು ಪಾತ್ರೆ ಎತ್ತಿಡುವ ಕೆಲಸದಂತೆ ಕಾಣುತ್ತದೆ.

ಪ್ರಶಸ್ತಿ ಬಂತೆಂದು ಎಲ್ಲವನ್ನೂ ಹೊಗಳಬೇಕಿಲ್ಲ. ವಿಮ್ ವೆಂಡರ್ಸ್ ಅವರ ‘ಪರ್ಫೆಕ್ಟ್ ಡೇಸ್’ನಲ್ಲಿ ಟೋಕಿಯೋದ ಶೌಚಾಲಯಗಳನ್ನು ಶುಚಿಗೊಳಿಸುವವನಾಗಿ ನಟಿಸಿದ ಕೋಜಿ ಯಾಕುಶೋ ಅವರಿಗೆ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಆ ಪಾತ್ರದ ಕಿರಿಯ ಸಹೋದ್ಯೋಗಿ ಮತ್ತು ಅವನ ಗೆಳತಿಯ ಭಾಗ ನನಗೆ ಎಳೆದಂತೆನಿಸಿತು. ಕೊನೆಯ ದೃಶ್ಯದಲ್ಲಿ ವ್ಯಾನು ಓಡಿಸುವ ಯಾಕುಶೋ ಮುಖದಲ್ಲಿ ನಗುವೂ ಅಳುವೂ ಒಟ್ಟಿಗೇ ಬರುತ್ತವೆ. ವೇಗವನ್ನು ಸಹಜಕ್ಕೆ ತಂದು, ಹೆಡ್‌ಫೋನ್ ಹಾಕಿಕೊಂಡು ಅಲ್ಲಿಯವರೆಗೆ ನೋಡಿ. ಆಮೇಲೂ ಬೇಸರವೆನಿಸಿದರೆ ಯಾರಿಗೂ ಅಂಜದೆ ಬರೆಯಿರಿ, ನಾನು ಓದುತ್ತೇನೆ.