ದೇವರನ್ನು ನಿತ್ಯನೆಂದು ಕರೆಯುವುದರ ಅರ್ಥವೇನು?

ದೇವರು ನಿತ್ಯನೆಂದರೆ ಎಂದೆಂದಿಗೂ ಬಾಳುವವನು ಎಂದಷ್ಟೇ ಅರ್ಥವೇ ಎಂಬ ಪ್ರಶ್ನೆಗೆ, ಅಷ್ಟೇ ಅಲ್ಲ ಎಂಬುದು ನನ್ನ ಉತ್ತರ. ಆತನಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ, ಕಾಲದ ಉದ್ದಕ್ಕೂ ಆತ ಇದ್ದೇ ಇರುತ್ತಾನೆ ಎಂಬುದು ಈ ಮಾತಿನ ಸರಳವಾದ ಅರ್ಥ. ಇದಕ್ಕಿಂತ ಆಳವಾದ ಇನ್ನೊಂದು ಅರ್ಥದಲ್ಲಿ ಆತನು ಕಾಲಾತೀತನು, ಅಂದರೆ ಕಾಲದ ಹರಿವಿಗೇ ಒಳಪಡದವನು. 6ನೆಯ ಶತಮಾನದ ತತ್ತ್ವಜ್ಞಾನಿ ಬೊಯೇಥಿಯಸ್, ಕೊನೆಯಿಲ್ಲದ ಜೀವನವನ್ನು ಒಮ್ಮೆಗೇ, ಪರಿಪೂರ್ಣವಾಗಿ ಹೊಂದಿರುವುದೇ ನಿತ್ಯತೆ ಎಂದು ವಿವರಿಸಿದನು. ನಮ್ಮ ಬಾಳು ತುಣುಕು ತುಣುಕಾಗಿ ಒದಗುವಂಥದ್ದು. ನಿನ್ನೆಯದು ಕೈತಪ್ಪಿದೆ, ನಾಳೆಯದು ಇನ್ನೂ ಕೈಸೇರಿಲ್ಲ. ಹಾಡನ್ನು ಒಂದೊಂದೇ ಸ್ವರವಾಗಿ ಕೇಳುವ ನಮಗೆ ಅದು ಮೊದಲಿನಿಂದ ಕೊನೆಯವರೆಗೆ ಒಂದೇ ಕ್ಷಣದಲ್ಲಿ ದಕ್ಕುವಂತಿದ್ದರೆ, ಅದು ದೇವರ ನಿತ್ಯತೆಗೆ ಮಸುಕಾದ ಹೋಲಿಕೆಯಾದೀತು. ಅದೂ ಹೋಲಿಕೆ ಮಾತ್ರ, ಏಕೆಂದರೆ ಕ್ಷಣವೂ ಕಾಲದ್ದೇ ಭಾಗ.

ಹಾಗಿದ್ದರೆ ಕಾಲಾತೀತನಾದವನು ಪ್ರಾರ್ಥನೆಗೆ ಓಗೊಡುವುದು ಹೇಗೆ? ಈ ಆಕ್ಷೇಪ ಗಟ್ಟಿಯಾದದ್ದೇ. ಇದನ್ನು ಮುಂದಿಟ್ಟು ದೇವರು ಕಾಲದೊಳಗೇ ಇದ್ದಾನೆಂದು ವಾದಿಸುವ ಚಿಂತಕರೂ ಇದ್ದಾರೆ. ಆದರೂ, ಉತ್ತರವು ಕಾಲದಲ್ಲಿ ಪ್ರಕಟವಾದರೂ ಅದನ್ನು ನೀಡುವ ಸಂಕಲ್ಪವು ಕಾಲದಲ್ಲಿ ಹುಟ್ಟಬೇಕಾಗಿಲ್ಲ ಎಂಬ ಸಮಾಧಾನವೇ ನನಗೆ ಹೆಚ್ಚು ಸರಿಯೆನಿಸುತ್ತದೆ.