ಹೊಸ ಮನೆಗೆ ಸೋಲಾರ್ ಪ್ಯಾನೆಲ್ ಹಾಕಿಸಿದರೆ ಗ್ರಿಡ್ ಮೇಲಿನ ಹೊರೆ ಇಳಿಯುತ್ತದೆಯೇ?

ಬೆಂಗಳೂರಿನಲ್ಲಿ ಕಟ್ಟುವ ಮನೆಗೆ ಪ್ಯಾನೆಲ್ ಒಂದೇ ಸಾಲದು. ಮನೆಗಳ ಬಳಕೆ ಏರುವುದು ಬೆಳಿಗ್ಗೆ ಸ್ನಾನದ ಹೊತ್ತಿಗೆ ಮತ್ತು ಸಂಜೆ ದೀಪ ಹಚ್ಚಿದ ಮೇಲೆ. ಪ್ಯಾನೆಲ್ ಹೆಚ್ಚು ಕರೆಂಟ್ ಕೊಡುವುದು ನಡುಮಧ್ಯಾಹ್ನ.

ಬೆಳಗಿನ ದೊಡ್ಡ ಹೊರೆ ಗೀಸರ್. ಒಂದೊಂದೂ ಸಾಮಾನ್ಯವಾಗಿ 2 ಕಿಲೋವ್ಯಾಟ್. 100 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 3 ಯೂನಿಟ್ ಬೇಕು. ಸೋಲಾರ್ ವಾಟರ್ ಹೀಟರ್ ನಿನ್ನೆಯ ಬಿಸಿಲನ್ನೇ ಬಿಸಿನೀರಾಗಿ ಕೂಡಿಟ್ಟು ಇಂದು ಬೆಳಿಗ್ಗೆ ಕೊಡುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಮೊದಲ ಖರ್ಚು ಇದಕ್ಕೇ ಹೋಗಬೇಕು. ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 25 ಡಿಗ್ರಿ ಓರೆಯಾಗಿ ಕೂರಿಸಿ. ಚಳಿಗಾಲದ ತಗ್ಗು ಸೂರ್ಯನಿಗೆ ಈ ಕೋನ ಒಪ್ಪುತ್ತದೆ.

ಈ ಹೀಟರ್‌ನ ಲಾಭ ಕೈತಪ್ಪುವುದು ಸಾಮಾನ್ಯವಾಗಿ ಪೈಪಿನಲ್ಲಿ. ಬಚ್ಚಲು ದೂರವಿದ್ದರೆ ಪ್ರತಿ ಸಲ ಪೈಪಿನೊಳಗಿನ ತಣ್ಣೀರು ಚೆಲ್ಲಬೇಕಾಗುತ್ತದೆ, ಹಾಗಾಗಿ ಬಚ್ಚಲುಗಳನ್ನು ಒಂದರ ಮೇಲೊಂದು ಬರುವಂತೆ ಪ್ಲ್ಯಾನ್ ಮಾಡಿಸಿ, ಬಿಸಿನೀರಿನ ಪೈಪಿಗೆ ಪೂರ್ತಿ ಇನ್ಸುಲೇಷನ್ ಸುತ್ತಿಸಿ. ಬಿಸಿಲಿಲ್ಲದಾಗ ಕರೆಂಟಿನಿಂದ ನೀರು ಕಾಯಿಸಲು ಟ್ಯಾಂಕಿನಲ್ಲಿರುವ ಬ್ಯಾಕಪ್ ಕಾಯಿಲ್ ಸದಾ ಆನ್ ಇದ್ದರೆ ರಾತ್ರಿ ನೀರು ಆರಿದಂತೆಲ್ಲ ಕರೆಂಟ್ ಎಳೆಯುತ್ತದೆ. ಅದರ ಸ್ವಿಚ್ ಮನೆಯೊಳಗೇ ಇರಲಿ, ಮೋಡದ ದಿನ ಮಾತ್ರ ಹಾಕಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕಾಯಿಲ್‌ಗೆ ಸುಣ್ಣ ಕಟ್ಟುತ್ತದೆ, ಆಗಾಗ ಬಿಚ್ಚಿ ತೊಳೆಸಲೇಬೇಕು.

ಸಂಜೆಯ ಪಾಲಿಗೆ 75 ವ್ಯಾಟ್ ಫ್ಯಾನಿನ ಬದಲು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ (ಬ್ರಶ್ ಇಲ್ಲದ ಮೋಟಾರಿನ) ಫ್ಯಾನ್ ಹಾಕಿಸಿ, ಮನೆ ಕಾಯದಂತೆ ತಾರಸಿಗೆ ಬಿಸಿಲನ್ನು ಹಿಂದಕ್ಕೆ ತಿರುಗಿಸುವ ಬಿಳಿ ಕೂಲ್‌ರೂಫ್ ಬಣ್ಣ ಬಳಿಸಿ.